ಮಿಡಿಸೌತೆ ಬಾಟಲಿ ಹಿಡಿದು ಐರ್ಲೆಂಡಿಗೆ

ಡಬ್ಲಿನ್ ವಿಮಾನ ನಿಲ್ದಾಣ

ಡಬ್ಲಿನ್ನಿನ ಕಸ್ಟಮ್ಸ್ ಅಧಿಕಾರಿ ನನ್ನೊಡನೆ ವಾದಕ್ಕೇ ಇಳಿಯಲಿಲ್ಲ. ಆ ದೇಶದಲ್ಲಿ ನನಗಾದ ಮೊದಲ ಅವಮಾನ ಅದು.

ಬೆಂಗಳೂರಿನಿಂದ ಅಲ್ಲಿಯವರೆಗೂ ಕಣ್ಣು ಮುಚ್ಚದೆ ವಾದ ಕಟ್ಟಿಕೊಂಡು ಬಂದಿದ್ದೆ. ಸೂಟ್‌ಕೇಸಿನಲ್ಲಿ ಹನ್ನೆರಡು ಬಾಟಲಿ ಮಿಡಿಸೌತೆ. ಕೈಯಲ್ಲಿ ಪ್ರಯೋಗಾಲಯದ ವರದಿ, ಮೂಲದೇಶದ ಪ್ರಮಾಣಪತ್ರ, ಕಂಪನಿಯ ಪತ್ರಗಳಿದ್ದ ದಪ್ಪ ಫೈಲು. ಶ್ರೀಮಂತ ದೇಶಗಳು ಒಂದು ಕೈಯಲ್ಲಿ ಸುಂಕ ಇಳಿಸಿ ಇನ್ನೊಂದು ಕೈಯಲ್ಲಿ ನಿಯಮಗಳ ಗೋಡೆ ಕಟ್ಟುತ್ತವೆ ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳ ಕಾಲದಿಂದಲೂ ವೇದಿಕೆ ಸಿಕ್ಕಲ್ಲೆಲ್ಲ ಹೇಳುತ್ತ ಬಂದವಳು ನಾನು. ಆ ಗೋಡೆ ಈಗ ಸಮವಸ್ತ್ರ ತೊಟ್ಟು ಎದುರಿಗೇ ನಿಂತಿದೆ ಎಂಬ ಉತ್ಸಾಹದಲ್ಲಿ ಫೈಲು ಬಿಚ್ಚಿದೆ. ಆತ ಮೇಲಿನ ಎರಡು ಹಾಳೆ ನೋಡಿದ. ಒಂದು ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದ. ಸೂಟ್‌ಕೇಸಿನತ್ತ ಮೂಗು ಚಾಚಿ, "ಒಂದು ಒಡೆದ ಹಾಗಿದೆ. ಉಳಿದದ್ದೆಲ್ಲ ಗ್ರ್ಯಾಂಡ್" ಎಂದು, ಅಂದರೆ ಸರಿಯಿದೆ ಎಂದು, ಕೈಬೀಸಿ ಕಳುಹಿಸಿಬಿಟ್ಟ.

"ಏನಂದ್ರು ಮೇಡಮ್ಮೋರೆ?" ರತ್ನಕ್ಕ ಕೇಳಿದರು.

"ಹೋಗಿ ಅಂದ್ರು."

"ಅದುಕ್ಯಾಕೆ ಮುಖ ಹಂಗ್ ಮಾಡ್ಕಂಡಿದೀರಿ? ಬಿಟ್ಟವ್ರೆ ತಾನೆ?"

ರತ್ನಕ್ಕನವರನ್ನು ಪರಿಚಯಿಸಬೇಕು. ಕುಣಿಗಲ್ ಬಳಿಯ ಒಂದು ರಫ್ತು ಕಂಪನಿಯ ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ಮಿಡಿಸೌತೆ ವಿಂಗಡಿಸುತ್ತಿರುವವರು. ಕಿರುಬೆರಳಿನಷ್ಟು ಉದ್ದದ ಈ ಕಾಯಿಯನ್ನು ನಮ್ಮ ಕಡೆ ಎಕರೆಗಟ್ಟಲೆ ಬೆಳೆಯುತ್ತಾರೆ, ಯಾರೂ ತಿನ್ನುವುದಿಲ್ಲ. ಕಿತ್ತ ಕಾಯಿ ಶೆಡ್ಡಿಗೆ ಬರುತ್ತದೆ, ಹೆಂಗಸರು ಕೈಯಳತೆಯಲ್ಲೇ ಗಾತ್ರ ನೋಡಿ ಬೇರೆ ಮಾಡುತ್ತಾರೆ, ಉಪ್ಪು ವಿನೆಗರ್ ತುಂಬಿದ ದೊಡ್ಡ ಡ್ರಮ್ಮಿಗೆ ಬೀಳುತ್ತದೆ, ಹಡಗು ಹತ್ತುತ್ತದೆ. ಯುರೋಪಿನಲ್ಲಿ ಯಾರೋ ಡ್ರಮ್ಮು ತೆರೆದು, ತೊಳೆದು, ಚಂದದ ಬಾಟಲಿಗೆ ಹಾಕಿ ತಮ್ಮ ಹೆಸರು ಅಂಟಿಸುತ್ತಾರೆ.

ನಾನು ತುಮಕೂರಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಯುರೋಪಿನೊಡನೆ ಮುಕ್ತ ವ್ಯಾಪಾರ ಒಪ್ಪಂದ ಕುದುರಿತು ಎಂಬ ಸುದ್ದಿ ಬಂದಾಗ ಕಾಲೇಜಿನಲ್ಲಿ ಒಂದು ಸಭೆ ಏರ್ಪಟ್ಟಿತ್ತು, ಸುತ್ತಲಿನ ಮಹಿಳಾ ಸಂಘಗಳವರೂ ಬಂದಿದ್ದರು. ಒಪ್ಪಂದ ಬಾಗಿಲು ತೆರೆಯುತ್ತದಂತೆ, ಯಾವ ಬಾಗಿಲು, ಗೋದಾಮಿನದೋ ಅಂಗಡಿಯದೋ ಎಂದು ನಾನು ಗುಡುಗಿದೆ. ಬಡ ದೇಶದ ಸರಕು ಹೆಸರಿಲ್ಲದೆ ಡ್ರಮ್ಮಿನಲ್ಲಿ ಹೋದರೆ ಅವರಿಗೆ ಸಂತೋಷ, ಸುಂಕವೂ ಕಡಿಮೆ. ಅದೇ ಬಾಟಲಿಯಲ್ಲಿ ಹೆಸರು ಹೊತ್ತು ಹೋದರೆ ಸುಂಕ ಏರುತ್ತದೆ, ಯಾರೂ ಮುಟ್ಟುವುದಿಲ್ಲ ಎಂದೆ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ರತ್ನಕ್ಕ ಎದ್ದು ನಿಂತರು.

"ಯಾರೂ ಮುಟ್ಟಲ್ಲ ಅಂದ್ರಲ್ಲ, ಯಾರ್ನಾದ್ರೂ ಕೇಳಿದೀರಾ?"

ನಾನು ಕೇಳಿರಲಿಲ್ಲ. ಹತ್ತು ವರ್ಷ ಅದೇ ವಾದ ಮಾಡಿ ಬಹುಮಾನ ಗೆದ್ದಿದ್ದೆ, ಒಬ್ಬ ಅಂಗಡಿಯವನನ್ನೂ ಕೇಳಿರಲಿಲ್ಲ.

ಅವರ ಕಂಪನಿ ಪ್ರಯೋಗಕ್ಕೆಂದು ಒಂದು ಬಾಟಲಿ ತುಂಬುವ ಲೈನು ಹಾಕಿತ್ತು. ಹನ್ನೊಂದು ಹೆಂಗಸರು, ರತ್ನಕ್ಕ ಮುಖ್ಯಸ್ಥೆ. ಈ ಹಂಗಾಮು ಮುಗಿಯುವುದರೊಳಗೆ ಕೊಳ್ಳುವವರು ಸಿಗದಿದ್ದರೆ ಯಂತ್ರ ಮಾರಿ ಎಲ್ಲರನ್ನೂ ಮತ್ತೆ ಡ್ರಮ್ಮಿನ ಕೆಲಸಕ್ಕೆ ಹಾಕುವುದಾಗಿ ಮಾಲೀಕರು ಹೇಳಿಬಿಟ್ಟಿದ್ದರು. ನನ್ನ ಹಳೆಯ ಗೆಳತಿಯೊಬ್ಬಳು ಐರ್ಲೆಂಡಿನಲ್ಲಿದ್ದಳು, ಅವಳಿಗೊಬ್ಬ ಅಂಗಡಿಯವನ ಪರಿಚಯವಿತ್ತು. ಮಾಲೀಕರು ರತ್ನಕ್ಕನನ್ನೂ, ಇಂಗ್ಲಿಷಿನಲ್ಲಿ ಜಗಳವಾಡಬಲ್ಲವಳೆಂದು ನನ್ನನ್ನೂ ಕಳುಹಿಸಿದರು. ಹೀಗೆ, ಏನೂ ಆಗುವುದಿಲ್ಲ ಎಂದು ಬಲವಾಗಿ ನಂಬಿದವಳೊಬ್ಬಳು ಆಗಿಸಲು ಹೊರಟದ್ದು.

ಬ್ಲಾಂಚರ್ಡ್ಸ್‌ಟೌನ್

ಗೆಳತಿಯ ಹೆಸರು ನಸ್ರೀನ್. ಬೆಂಗಳೂರಿನ ಫ್ರೇಜರ್ ಟೌನಿನವಳು, ಈಗ ಇಲ್ಲಿ ಸಾಫ್ಟ್‌ವೇರ್ ಕೆಲಸ. ಕಾಲೇಜಿನ ತಂಡದಲ್ಲಿ ನಾವಿಬ್ಬರೂ ಜೋಡಿ. ಪರ ಬಂದರೆ ಅವಳು ಮೊದಲು, ವಿರೋಧ ಬಂದರೆ ನಾನು. ಬಾಡಿಗೆ ಮನೆಯ ಬಾಗಿಲು ತೆಗೆದವಳೇ ಮೂಗು ಮುಚ್ಚಿಕೊಂಡಳು.

"ಏನೇ ಸಹನಾ, ಉಪ್ಪಿನಕಾಯಿ ಜಾಡೀಲಿ ಕೂತ್ಕೊಂಡು ಬಂದ್ಯಾ?"

ಒಡೆದ ಬಾಟಲಿಯ ವಿನೆಗರನ್ನು ನನ್ನ ಒಂದೇ ಒಂದು ಉಣ್ಣೆಯ ಸ್ವೆಟರು ಪೂರ್ತಿ ಕುಡಿದುಬಿಟ್ಟಿತ್ತು. ಎರಡು ಸಲ ಒಗೆದರೂ ವಾಸನೆ ಬಿಡಲಿಲ್ಲ. ಹೊರಗೆ ಚಳಿ, ಹಾಕದೆ ವಿಧಿಯಿಲ್ಲ.

ಮಧ್ಯಾಹ್ನ ಬಸ್ಸಿನಲ್ಲಿ ಶಾಪಿಂಗ್ ಸೆಂಟರಿಗೆ ಹೋದೆವು. ಇಲ್ಲಿ ಬಸ್ಸಿಳಿಯುವ ಪ್ರತಿಯೊಬ್ಬರೂ ಚಾಲಕನಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಮುದುಕರು, ಶಾಲೆ ಹುಡುಗಿಯರು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರು, ಎಲ್ಲರೂ. ನಮ್ಮಲ್ಲಿ ಬಸ್ಸಿಳಿಯುವಾಗ ಚಾಲಕನಿಗೆ ಕೇಳಿಸುವ ಮಾತುಗಳನ್ನು ನೆನೆದು ನನಗೆ ನಗು ಬಂತು. ರತ್ನಕ್ಕ ಮಾತ್ರ ಎರಡನೇ ದಿನಕ್ಕೇ ಕಲಿತು, "ಬತ್ತೀನಪ್ಪ, ಥ್ಯಾಂಕ್ಸು" ಎಂದು ಕೈಮುಗಿದು ಇಳಿಯತೊಡಗಿದರು.

ಅಂಗಡಿಯ ಕಪಾಟಿನಲ್ಲಿ ಮಿಡಿಸೌತೆಯ ನಾಲ್ಕೈದು ಬಗೆ ಇದ್ದವು. ನಸ್ರೀನ್ ಒಂದು ಕೊಂಡಳು. ಹೊರಗಿನ ಬೆಂಚಿನ ಮೇಲೆ ರತ್ನಕ್ಕ ಮುಚ್ಚಳ ತೆಗೆದು ಒಂದನ್ನು ಬೆರಳುಗಳ ನಡುವೆ ಒತ್ತಿದರು, ಕಚ್ಚಿದರು, ಉಗುಳುವುದೊಂದು ಬಾಕಿ.

"ಇದು ಡ್ರಮ್ಮಲ್ಲಿದ್ದ ಕಾಯಿ. ಆರು ತಿಂಗ್ಳಾದ್ರೂ ಆಗೈತೆ."

"ಹೇಗೆ ಗೊತ್ತಾಯ್ತು?"

"ಕಚ್ಚಿದ್ರೆ ಸದ್ದೇ ಇಲ್ವಲ್ಲ ಮೇಡಮ್ಮೋರೆ. ಉಪ್ಪಲ್ಲಿ ನೆನ್ಸಿ, ಆಮೇಲೆ ನೀರಲ್ಲಿ ನೆನ್ಸಿ ಉಪ್ಪು ಬಿಡ್ಸಿ, ಮತ್ತೆ ವಿನೆಗರಿಗೆ ಹಾಕವ್ರೆ. ಮೂರು ಮೂರು ಸಲ ನೆನೆದ್ರೆ ಅದೇನು ಸದ್ದು ಮಾಡೀತು? ನಮ್ಮ ಬಾಟ್ಲೀದು ಕಿತ್ತ ದಿನಾನೇ ತುಂಬಿದ್ದು."

ಲೇಬಲ್ಲಿನಲ್ಲಿ ಯುರೋಪಿನ ಒಂದು ಊರಿನ ವಿಳಾಸವಿತ್ತು. ಕಾಯಿ ಎಲ್ಲಿಯದು ಎಂಬ ಸುಳಿವಿಲ್ಲ. ನಾನು ನಸ್ರೀನಳತ್ತ ತಿರುಗಿ ಗೆದ್ದವಳಂತೆ ನೋಡಿದೆ.

"ನೋಡು, ನಿನ್ನ ಮುಕ್ತ ವ್ಯಾಪಾರ! ಬಿಸಿಲು ನಮ್ಮದು, ಕೈ ನಮ್ಮದು, ಹೆಸರು ಇವರದು."

"ಒಪ್ಪಂದ ಇಲ್ದೇ ಇರೋವಾಗ್ಲೇ ಹೀಗಿದೆಯಲ್ಲ ಕಣೇ? ಹಾಗಾದ್ರೆ ತಪ್ಪು ಒಪ್ಪಂದದ್ದು ಹೇಗಾಯ್ತು?" ಅವಳು ಒಂದಿಷ್ಟೂ ಬದಲಾಗಿರಲಿಲ್ಲ. "ಸುಂಕ ಇಳಿದ್ರೆ ಬಾಟ್ಲಿ ತರೋನಿಗೆ ಧೈರ್ಯ ಬರುತ್ತೆ. ಅಷ್ಟೇ ನಾನು ಹೇಳೋದು."

"ನಮ್ಮ ಕಡೆಯೂ ಇಳಿಸಬೇಕಲ್ಲ? ಅವರ ಯಂತ್ರ, ಅವರ ಕಾರು, ಅವರ ಎಣ್ಣೆ ಬಂದಾಗ ನಮ್ಮ ಸಣ್ಣ ಕಾರ್ಖಾನೆಯವನು ಎಲ್ಲಿಗೆ ಹೋಗಬೇಕು?"

"ಅದು ಬೇರೆ ಪ್ರಶ್ನೆ."

"ಅದೇ ಪ್ರಶ್ನೆಯ ಇನ್ನೊಂದು ಮಗ್ಗುಲು!"

ರತ್ನಕ್ಕ ಬಾಟಲಿಯ ಮುಚ್ಚಳ ತಿರುಗಿಸಿ ಭದ್ರಪಡಿಸಿದರು. "ನೀವಿಬ್ರೂ ಕಾಲೇಜಲ್ಲೂ ಹಿಂಗೇ ಆಡ್ತಿದ್ರಾ? ಪಾಠ ಯಾವಾಗ ಓದ್ತಿದ್ರಿ?"

ಡನ್ ಲಿಯರಿ

ಅಂಗಡಿಯವನಿದ್ದ ಕಾರ್ಕಿಗೆ ಹೋಗುವ ಹಿಂದಿನ ದಿನ ನಸ್ರೀನ್ ಕೆಲಸಕ್ಕೆ ಹೋದಾಗ ನಾವಿಬ್ಬರೇ ರೈಲು ಹತ್ತಿ ಈ ಬಂದರು ಊರಿಗೆ ಬಂದೆವು. ಸಮುದ್ರದೊಳಕ್ಕೆ ಚಾಚಿದ ಉದ್ದನೆಯ ಕಲ್ಲುಕಟ್ಟೆಯ ಮೇಲೆ ಊರಿಗೆ ಊರೇ ನಡೆಯುತ್ತದೆ. ಯಾರಿಗೂ ಎಲ್ಲಿಗೂ ಹೋಗಬೇಕಿಲ್ಲ, ತುದಿ ಮುಟ್ಟಿ ವಾಪಸು ಬರುತ್ತಾರೆ. ಎದುರಾದವರೆಲ್ಲ ಹವೆಯ ಬಗ್ಗೆ ಒಂದು ವಾಕ್ಯ ಹೇಳುತ್ತಾರೆ, ಉತ್ತರವಾಗಿ ನಾವೂ ಒಂದು ಹೇಳಬೇಕು. ಗಾಳಿ ಜೋರಿಲ್ಲ ಎಂದು ಒಬ್ಬಾಕೆ ಹೇಳಿದ್ದನ್ನು ನಾನು ತಳ್ಳಿಹಾಕಿ ಪುರಾವೆ ಸಹಿತ ಖಂಡಿಸಿದೆ. ಪಾಪ, ಆಕೆ ಕ್ಷಮೆ ಕೇಳಿ ಮುಂದೆ ಹೋದಳು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಡಲಹಕ್ಕಿಗಳು ನನ್ನ ಹಿಂದೆ ಬಿದ್ದವು. ಒಂದಲ್ಲ, ಏಳೆಂಟು. ನಾನು ಓಡಿದರೆ ಅವೂ ಹಾರುತ್ತವೆ, ನಿಂತರೆ ಸುತ್ತ ಕೂರುತ್ತವೆ. ಇಲ್ಲಿಯವರು ಆಲೂಗಡ್ಡೆ ಚಿಪ್ಸಿಗೆ ವಿನೆಗರ್ ಸುರಿದುಕೊಂಡು ತಿನ್ನುತ್ತಾರೆಂದೂ, ನನ್ನ ಸ್ವೆಟರು ಹಕ್ಕಿಗಳ ಪಾಲಿಗೆ ನಡೆದಾಡುವ ಚಿಪ್ಸಿನ ಅಂಗಡಿಯೆಂದೂ ಒಬ್ಬ ಮುದುಕ ವಿವರಿಸಿದ. ರತ್ನಕ್ಕ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ನಗು ನಿಂತ ಮೇಲೆ ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಎರಡೂ ಅಂಗೈ ಬಿಚ್ಚಿ ತೋರಿಸಿದರು. ಬೆರಳ ತುದಿಗಳ ಚರ್ಮ ನುಣ್ಣಗೆ ಬೆಳ್ಳಗಾಗಿತ್ತು.

"ಇದು ಡ್ರಮ್ಮಿಂದು. ಬೆಳಗ್ಗಿಂದ ಸಂಜೆಗಂಟ ವಿನೆಗರ್ ಘಾಟು, ಮೂರು ಹೊತ್ತೂ ಕೆಮ್ಮು. ಲೈನಿಗೆ ಬಂದ್ಮ್ಯಾಕೆ ನಿಂತೈತೆ. ಇನ್ನೊಂದು ಇಚಾರ ಹೇಳ್ಲಾ? ಡ್ರಮ್ಮು ಮುಚ್ಚಿದ್ರೆ ಮುಗೀತು, ಒಳಗೇನೈತೋ ಯಾರಿಗೂ ಕಾಣಾಕಿಲ್ಲ. ಬಾಟ್ಲಿ ಗಾಜಿಂದು. ನಾವು ಹೆಂಗೆ ಜೋಡ್ಸಿದೀವಿ ಅಂತ ಕಾಣ್ತದೆ. ನಮ್ಮ ಹುಡ್ಗೀರು ಅದಕ್ಕೇ ಅಷ್ಟು ಮುತುವರ್ಜಿಯಿಂದ ಜೋಡಿಸ್ತಾರೆ." ಅಂಗೈಗಳನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡರು. "ನಾಳೆ ಆಗ್ಲಿಲ್ಲ ಅಂದ್ರೆ ಅವ್ರಿಗೆ ಮುಖ ತೋರ್ಸೋದು ಹೆಂಗೋ ಕಾಣೆ."

ನಾನು ಹಕ್ಕಿಗಳನ್ನೂ ವಾದವನ್ನೂ ಬಿಟ್ಟು ಅವರ ಪಕ್ಕ ಕೂತೆ. ಇಂಥ ಸಂದರ್ಭ ನನ್ನ ಬದುಕಿನಲ್ಲಿ ಅಪರೂಪ.

ಕಾರ್ಕಿನ ರೈಲು

ಮರುದಿನ ನಸ್ರೀನಳೂ ರಜೆ ಹಾಕಿ ಜೊತೆಗೆ ಬಂದಳು. ಎದುರಿನ ಸೀಟಿನಲ್ಲಿ ಮೈಕಲ್ ಎಂಬ ರೈತ. ಹಸು ಸಾಕುವವನು, ಹೊಗಳಿದರೆ ಕೆಂಪಾಗುವ ಮುಖ. ತನ್ನ ಬುತ್ತಿಯ ಸ್ಯಾಂಡ್‌ವಿಚ್ ನೀಡಿದ, ನಾವು ಬೇಡವೆಂದೆವು. ಮತ್ತೆ ನೀಡಿದ, ಬೇಡವೆಂದೆವು. ಮೂರನೆಯ ಸಲ ತೆಗೆದುಕೊಂಡೆವು. ಈ ಲೆಕ್ಕ ಎರಡೂ ಕಡೆಯವರಿಗೆ ಹುಟ್ಟಿನಿಂದಲೇ ಗೊತ್ತಿದ್ದಂತಿತ್ತು.

ನಾವು ಬಂದ ಉದ್ದೇಶ ಕೇಳಿ ಆತ ಒಪ್ಪಂದಗಳನ್ನೆಲ್ಲ ಸಾಲಾಗಿ ಬೈದ. ದಕ್ಷಿಣ ಅಮೆರಿಕದ ಅಗ್ಗದ ಮಾಂಸ ಬಂದರೆ ತನ್ನಂಥವರು ಮುಗಿದಂತೆ ಎಂದ. "ಇನ್ನು ನಿಮ್ಮ ಹಾಲೂ ಬರುತ್ತದೋ?" ಎಂದು ಕೇಳಿದ.

"ನಿಮ್ಮ ಬೆಣ್ಣೆ ಬಂದುಬಿಡುತ್ತದೆ ಎಂದು ನಮ್ಮವರು ಹೆದರಿ ಕೂತಿದ್ದರು, ಒಪ್ಪಂದದಿಂದ ಹಾಲನ್ನೇ ಹೊರಗಿಟ್ಟಿದ್ದಾರಂತೆ" ಎಂದೆ. ಇಬ್ಬರೂ ಒಬ್ಬರಿಗೊಬ್ಬರು ಹೆದರಿದ್ದೆವೆಂದು ತಿಳಿದು ಆತನಿಗೆ ತಡೆಯಲಾರದ ನಗು.

ಆತನ ತಾತನ ಕಾಲದಲ್ಲಿ ಐರ್ಲೆಂಡ್ ದನಗಳನ್ನು ಜೀವಂತವಾಗಿ ಹಡಗಿಗೆ ಏರಿಸಿ ಪಕ್ಕದ ದೇಶಕ್ಕೆ ಕಳಿಸುತ್ತಿತ್ತಂತೆ. ಮಾಂಸದ ಕೆಲಸ, ಚರ್ಮದ ಕೆಲಸ, ಮೂಳೆಯ ಕೆಲಸ ಎಲ್ಲವೂ ಅಲ್ಲಿಗೇ. ಇಲ್ಲಿ ಉಳಿದದ್ದು ಸಗಣಿ ಮಾತ್ರ, ಎಂದ. ನಾನು ಅದನ್ನು ಕನ್ನಡಕ್ಕೆ ತಂದಾಗ ರತ್ನಕ್ಕ ಆತನನ್ನು ಹೊಸ ಗೌರವದಿಂದ ನೋಡಿದರು.

"ಇವ್ರದ್ದೂ ಡ್ರಮ್ಮೇ ಆಗಿತ್ತು ಅನ್ನಿ!"

ಕಾರ್ಕ್

ಅಂಗಡಿಯವನ ಹೆಸರು ಡೋನಲ್. ನಸ್ರೀನ್ ಮೊದಲು ಇಲ್ಲಿನ ಹಾಲಿಹಿಲ್ ಬಡಾವಣೆಯಲ್ಲಿ ಕೆಲಸ ಮಾಡುತ್ತಿದ್ದಾಗ ದಿನಾ ಅವನಲ್ಲಿ ಊಟ ಕೊಳ್ಳುತ್ತಿದ್ದಳು. ಕಾರ್ಕಿನ ಸುತ್ತಮುತ್ತ ಅವನವು ಆರು ಅಂಗಡಿ: ಚೀಸು, ಬೆಣ್ಣೆ, ಜೇನು, ಉಪ್ಪಿನಕಾಯಿ. ಹಿಂಬದಿಯ ಮೇಜಿನ ಮೇಲೆ ನಮ್ಮ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿದೆವು.

ನಾನು ಶುರು ಮಾಡಿದೆ. ಡ್ರಮ್ಮಿಗೆ ಕಡಿಮೆ ಬಾಟಲಿಗೆ ಹೆಚ್ಚು ಎಂಬ ಸುಂಕದ ಏಣಿ, ಡ್ರಮ್ಮಿನ ಅನ್ಯಾಯ, ಬಡ ದೇಶಗಳ ದುಡಿಮೆ. ಅವನು ಪ್ರತಿ ವಾಕ್ಯಕ್ಕೂ "ಹೌದು, ಹೌದು, ನಿಜ" ಎಂದು ತಲೆಯಾಡಿಸಿದ. ಎದುರಾಳಿ ಎಲ್ಲವನ್ನೂ ಒಪ್ಪಿಬಿಟ್ಟರೆ ಏನು ಮಾಡಬೇಕೆಂದು ನನಗೆ ಯಾವ ಗುರುವೂ ಕಲಿಸಿರಲಿಲ್ಲ. ಐದು ನಿಮಿಷಕ್ಕೆ ನನ್ನ ಮಾತು ಮುಗಿದು, ಅವನು ಮುಳ್ಳುಚಮಚ ತೆಗೆದುಕೊಂಡ.

ಬಾಟಲಿಯೊಳಕ್ಕೆ ಚುಚ್ಚಿದ. ಎಳೆದ. ಏನೂ ಬರಲಿಲ್ಲ. ಇನ್ನೊಂದು ಕಡೆ ಚುಚ್ಚಿದ. ಕಾಯಿ ಅಲುಗಲಿಲ್ಲ. ಬಾಟಲಿಯನ್ನು ಎದೆಗವಚಿಕೊಂಡು ಎಳೆದಾಗ ಚಮಚ ಬಾಗಿತು. ಎರಡನೆಯ ಬಾಟಲಿ ತೆರೆದ, ಅದೂ ಹಾಗೆಯೇ. ಬಗ್ಗಿ ನೋಡಿದರೆ ಕಾಯಿಗಳು ಒಂದಕ್ಕೊಂದು ಅಂಟಿ, ಸೂಜಿ ತೂರಲೂ ಸಂದಿಲ್ಲದಂತೆ ನಿಂತಿದ್ದವು. ಶೆಡ್ಡಿನ ಹೆಂಗಸರು ವೀಳ್ಯದೆಲೆ ಕಟ್ಟು ಕಟ್ಟಿದಂತೆ ಕಟ್ಟಿದ್ದರು.

"ರತ್ನಕ್ಕ, ಯಾಕಿಷ್ಟು ಬಿಗಿ ಮಾಡಿದ್ರಿ?" ನಾನು ಕೇಳಿದೆ.

"ಸಡ್ಲ ಬಿಟ್ರೆ ಕೊಂಡೋರು ಏನಂತಾರೆ? ನೀರು ಮಾರವ್ರೆ ಅನ್ನಾಕಿಲ್ವಾ?"

ಹನ್ನೊಂದು ಮಂದಿ ಹೆಂಗಸರು ಮರ್ಯಾದೆಯನ್ನು ಎಷ್ಟು ಗಟ್ಟಿಯಾಗಿ ತುಂಬಿದ್ದರೆಂದರೆ ಅದನ್ನು ಯಾರೂ ತಿನ್ನುವ ಹಾಗಿರಲಿಲ್ಲ. ಸಾವಿರಾರು ಮೈಲು ಬಂದು, ಸುಂಕ ದಾಟಿ, ಪ್ರಯೋಗಾಲಯ ದಾಟಿ, ನಾವು ಬಾಟಲಿಯ ಕತ್ತಿನಲ್ಲಿ ಸಿಕ್ಕಿಕೊಂಡಿದ್ದೆವು. ನಸ್ರೀನ್ ಚಾವಣಿ ನೋಡುತ್ತಿದ್ದಳು.

ರತ್ನಕ್ಕ ಕೈತೊಳೆದು ಬಂದು ಬಾಟಲಿಯನ್ನು ಅಂಗೈಗೆ ಒಮ್ಮೆ ಬಡಿದು, ಎರಡು ಬೆರಳು ಇಳಿಸಿ, ತಿರುಚಿ, ಒಂದನ್ನು ಎಳೆದು ಡೋನಲ್‌ಗೆ ಕೊಟ್ಟರು. ಅವನು ಕಚ್ಚಿದ.

ಆ ಸದ್ದು ಅಂಗಡಿಯ ಮುಂಭಾಗಕ್ಕೂ ಕೇಳಿಸಿತು. ಚೀಸು ಕತ್ತರಿಸುತ್ತಿದ್ದ ಹೆಂಗಸು ಇಣುಕಿ ನೋಡಿದಳು. ಡೋನಲ್ ಬಾಟಲಿಯ ನೀರು ಬಸಿದು ಕಾಯಿಗಳನ್ನು ತಕ್ಕಡಿಗೆ ಹಾಕಿದ. ಲೇಬಲ್ಲಿನಲ್ಲಿ ಬರೆದದ್ದಕ್ಕಿಂತ ತೂಕ ಹೆಚ್ಚಿತ್ತು. ಇನ್ನೊಂದು ಬಾಟಲಿಯದನ್ನೂ ತೂಗಿದ. ಅದೂ ಹೆಚ್ಚು.

"ತೀರಾ ಕೆಟ್ಟದ್ದೇನಲ್ಲ" ಎಂದ.

ಮುಗಿಯಿತೆಂದು ನಾನು ಫೈಲು ಮುಚ್ಚಿದೆ. ನನ್ನಿಂದ ಅನುವಾದ ಕೇಳಿದ ರತ್ನಕ್ಕನಿಗೆ ಮಾತ್ರ ಕಣ್ಣರಳಿತು.

"ಅಂದ್ರೆ ಪರವಾಗಿಲ್ಲ ಅಂದ್ರು ಅಂತ. ನಮ್ಮತ್ತೆ ನನ್ನ ಸಾರಿಗೂ ಅಷ್ಟೇ ಅನ್ನೋರು. ಮೂರು ಸಲ ಹಾಕಿಸ್ಕಳೋರು."

ನಸ್ರೀನ್ ನನ್ನ ಕಿವಿಯಲ್ಲಿ, "ಇವ್ರು ಹೇಳಿದ್ದೇ ಕರೆಕ್ಟು. ಇಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಕಣೇ" ಎಂದಳು.

ಒಂದು ಕಾಯಿ ಕಡಿಮೆ ಹಾಕಿ, ತೆಗೆಯಲು ಸುಲಭವಾಗುತ್ತದೆ ಎಂದು ಡೋನಲ್ ಕೇಳಿದ. ರತ್ನಕ್ಕ ಖಡಾಖಂಡಿತವಾಗಿ ಆಗುವುದಿಲ್ಲ ಎಂದರು. ಒಂದು ಗಳಿಗೆ ಯೋಚಿಸಿ, "ನಡುವಿಂದಕ್ಕೆ ತೊಟ್ಟು ಬಿಡ್ತೀವಿ ಅನ್ನಿ. ತೊಟ್ಟು ಹಿಡಿದು ಎಳೆದ್ರೆ ಅದು ಬತ್ತದೆ, ಅದು ಬಂದ್ರೆ ಮಿಕ್ಕಿದ್ದೆಲ್ಲ ಸಡ್ಲ ಆಯ್ತದೆ" ಎಂದರು. ಡ್ರಮ್ಮಿನವರು ತೊಟ್ಟು ಇರುವ ಕಾಯಿಯನ್ನು ದೋಷವೆಂದು ಎತ್ತಿ ಎಸೆಯುತ್ತಾರೆ. ಡೋನಲ್ ಇದನ್ನು ಕೇಳಿ ಮೇಜು ಕುಟ್ಟಿ ನಕ್ಕ. ಸುಂಕ ಇಳಿಯುತ್ತದೆ ಎಂಬ ಭರವಸೆಯಿಂದಲೇ ತಾನು ಈ ಸಾಹಸಕ್ಕೆ ಕೈಹಾಕುತ್ತಿರುವುದು ಎಂದೂ ಹೇಳಿದ. ನಸ್ರೀನ್ ನನ್ನ ಕಾಲು ತುಳಿದಳು. ಒಪ್ಪಿಕೊಳ್ಳುತ್ತೇನೆ, ಆ ಅಂಕ ಅವಳದು.

ಆಮೇಲೆ ಅವನು ತನ್ನ ಹಸಿರು ಲೇಬಲ್ಲೊಂದನ್ನು ತಂದಿಟ್ಟ. ಅವನ ಅಂಗಡಿಯ ಹೆಸರು, ಅವನ ಗುರುತು.

"ಇದ್ರಲ್ಲಿ ನಮ್ಮ ಹೆಸ್ರು ಎಲ್ಲೈತೆ?"

"ಇಲ್ಲ ರತ್ನಕ್ಕ. ಆದರೆ ಆರ್ಡರ್ ಸಿಕ್ಕಿತಲ್ಲ, ಲೈನು ಉಳಿಯಿತು. ಒಪ್ಪಿಕೊಳ್ಳೋಣ."

"ಹಂಗಾದ್ರೆ ಇದು ಗಾಜಿನ ಡ್ರಮ್ಮು." ಅವರು ನನ್ನನ್ನೇ ದಿಟ್ಟಿಸಿದರು. "ಹೆಸ್ರಿಲ್ದೆ ಹೋಗಬಾರ್ದು ಅಂತ ಮೈಕಿನಾಗೆ ಕೂಗಿದ್ದು ನೀವೇ ಅಲ್ವಾ? ಅಲ್ಲಿ ಕೂಗಿದ್ದು ಇಲ್ಲಿ ಹೇಳಾಕೆ ಆಗಾಕಿಲ್ವಾ?"

ಹತ್ತು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ಸೋಲಿಸಿರಲಿಲ್ಲ. ನಾನು ಎದ್ದು ಅಂಗಡಿಯ ಮುಂಭಾಗಕ್ಕೆ ನಡೆದೆ, ಡೋನಲ್ ಹಿಂದೆಯೇ ಬಂದ. ಚೀಸಿನ ಮೇಲೆ ಅದನ್ನು ಮಾಡಿದ ಮನೆತನದ ಹೆಸರು. ಬೆಣ್ಣೆಯ ಮೇಲೆ ಜಿಲ್ಲೆಯ ಹೆಸರು. ಜೇನಿನ ಮೇಲೆ ಗುಡ್ಡದ ಹೆಸರು.

"ನಿಮ್ಮ ಕಪಾಟಿನಲ್ಲಿ ಊರಿಲ್ಲದ ಒಂದೇ ಒಂದು ವಸ್ತು ತೋರಿಸಿ. ಈ ಲೇಬಲ್ಲಿಗೆ ಈಗಲೇ ಒಪ್ಪುತ್ತೇವೆ."

ಅವನು ಪ್ರಾಮಾಣಿಕ, ನಿಜವಾಗಿಯೂ ಹುಡುಕಿದ. ಮೇಲಿನ ಸಾಲು, ಕೆಳಗಿನ ಸಾಲು, ಗಲ್ಲಾದ ಪಕ್ಕದ ಬುಟ್ಟಿ. ಕೊನೆಗೆ ಒಂದು ಕಾಗದದ ಕೈಚೀಲ ಎತ್ತಿ ತೋರಿಸಿ ತಾನೇ ನಕ್ಕ. ವಾಪಸು ಬಂದು ರತ್ನಕ್ಕನ ಮುಂದೆ ಬಿಳಿ ಹಾಳೆಯಿಟ್ಟು ಊರಿನ ಹೆಸರು ಬರೆಯಲು ಹೇಳಿದ. ರತ್ನಕ್ಕ ಒಂದೊಂದೇ ಅಕ್ಷರ ತಿದ್ದಿ "ಕುಣಿಗಲ್" ಎಂದು ಬರೆದರು. ಅವನು ಹಾಳೆಯನ್ನು ತಿರುಗಿಸಿ ನೋಡಿ, ಇದೇ ಅಕ್ಷರ ದೊಡ್ಡದಾಗಿ ಮುಂದೆ ಇರಲಿ, ಇಂಗ್ಲಿಷು ಅದರ ಕೆಳಗೆ, ತನ್ನ ಅಂಗಡಿಯ ಹೆಸರು ಬೆನ್ನಿಗೆ ಸಾಕು ಎಂದ. ಮೊದಲು ಒಂದು ಪ್ಯಾಲೆಟ್, ಹಲಗೆಯ ಮೇಲೆ ಪೇರಿಸಿದ ಒಂದು ಅಟ್ಟಿಯಷ್ಟು, ಖರ್ಚಾದರೆ ಆರೂ ಅಂಗಡಿಗೆ, ಮೂರು ತಿಂಗಳಿಗೊಮ್ಮೆ.

ಓದುಗರು ಕೇಳಬಹುದು: ಈಗ ಪಕ್ಷ ಬದಲಾಯಿಸಿದೆಯಾ? ಇಲ್ಲ. ಸುಂಕ ಇಳಿಯುತ್ತದೆಂಬ ಮಾತು ಡೋನಲ್‌ಗೆ ಧೈರ್ಯ ಕೊಟ್ಟಿತು, ನಿಜ. ಆದರೆ ಎದುರಿಗೆ ನಿಂತು ಹೆಸರು ಕೇಳುವ ರತ್ನಕ್ಕ ಇಲ್ಲದಿದ್ದರೆ ಅದೇ ಒಪ್ಪಂದ ನಮ್ಮನ್ನು ಅಗ್ಗವಾಗಿ, ಅನಾಮಿಕರಾಗಿ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಎಷ್ಟು ಶೆಡ್ಡುಗಳಿಂದ ಯಾರು ಹೀಗೆ ವಿಮಾನ ಹತ್ತಿ ಬರಬಲ್ಲರು? ಆ ವಾದವನ್ನು ನಾನು ಬಿಡುವುದಿಲ್ಲ. ಆದರೆ ಆ ಮಧ್ಯಾಹ್ನ ನಾವು ಗೆದ್ದಿದ್ದೆವು, ಗೆದ್ದದ್ದನ್ನು ಗೆಲುವು ಎನ್ನಲು ನನಗೆ ಸಂಕೋಚವಿಲ್ಲ.

ಹೊರಗೆ ಬೀದಿಯಲ್ಲಿ ರತ್ನಕ್ಕ ಶೆಡ್ಡಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಅಲ್ಲಿ ಸಂಜೆಯ ಕಾಯಿ ಬರುವ ಹೊತ್ತು, ಕ್ರೇಟುಗಳ ಗದ್ದಲ. ಲಕ್ಷ್ಮೀದೇವಿ ಎಂಬಾಕೆ ಎತ್ತಿಕೊಂಡಳು.

"ಆಯ್ತು ಕಣೇ," ಎಂದರು ರತ್ನಕ್ಕ.

ಆ ಕಡೆ ಒಬ್ಬರಿಂದೊಬ್ಬರಿಗೆ ಸುದ್ದಿ ಹೋಗುವುದು ಕೇಳಿಸಿತು. ಗದ್ದಲ ನಿಂತಿತು, ಆಮೇಲೆ ಹನ್ನೊಂದರಲ್ಲಿ ಉಳಿದ ಹತ್ತೂ ಮಂದಿ ಒಟ್ಟಿಗೆ ಕಿರುಚಿದರು. ಕಾರ್ಕಿನ ಬೀದಿಯಲ್ಲಿ ಜನ ತಿರುಗಿ ನೋಡಿದರು.

"ನಡುವಿನ ಕಾಯಿಗೆ ತೊಟ್ಟು ಕುಯ್ಯಬಾರ್ದು, ಹೇಳು ಎಲ್ರಿಗೂ."

"ಅಯ್ಯೋ, ತೊಟ್ಟು ಬಿಟ್ರೆ ಸೂಪರ್‌ವೈಜರು ಬಯ್ಯಾಕಿಲ್ವಾ ರತ್ನಕ್ಕ?"

"ಬಯ್ದ್ರೆ ಐರ್ಲೆಂಡಿನೋರು ಹೇಳವ್ರೆ ಅನ್ನು. ಈಗ ಮಾತು ಸಾಕು. ಲೈನು ಬಂದ್ ಮಾಡ್ಬೇಡಿ, ಬಾಟ್ಲಿ ತೊಳ್ಯಾಕೆ ಹಾಕಿ."